ಡಿಸ್ಪೋಸಲ್ ಟ್ರೇಲರ್: ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಸೈನ್ಯದ ಹರಾಜಿನಲ್ಲಿ, ಅಂದರೆ ಡಿಸ್ಪೋಸಲ್‌ನಲ್ಲಿ, ಬಂದ ಟ್ರಕ್ಕು ಕೊಂಡವರು ಅದರ ಹಿಂದೆಯೇ ಟ್ರೇಲರ್ ಹುಡುಕಲು ಶುರು ಮಾಡುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿದ್ದೇವೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಚಿಕ್ಕದು ಮಾಡಿದ್ದೇವೆ.

ನಮ್ಮಲ್ಲಿ ಡಿಸ್ಪೋಸಲ್‌ದಾಗ ತಗೊಂಡು ಪಾಸಿಂಗ್ ಮಾಡಿಸಿದ ಸ್ಟಾಲಿಯನ್ ಟ್ರಕ್ ಐತ್ರಿ. ಅದರ ಹಿಂದ ಕಟ್ಟಾಕ ಟ್ರೇಲರ್ ನೋಡಾಕತ್ತೀವಿ. ಒಬ್ಬ ವ್ಯಾಪಾರಿ ಹತ್ರ ಮೂರು ಅದಾವ: ಎರಡು ಗಾಲಿದು ಒಂದು ಟನ್ನಿಂದು, ಜನರೇಟರ್ ಇಳಿಸಿದ ಖಾಲಿ ಚಾಸಿ, ನಾಲ್ಕು ಗಾಲಿದು ದೊಡ್ಡದು. ಹೊಲಕ್ಕೂ ಹೋಗಬೇಕು, ರೋಡಿಗೂ ಆಗಬೇಕು. ಯಾವುದು ತಗೊಳ್ಳೂಣು?
— ಶಿಗ್ಗಾಂವಿ

ಎರಡು ಗಾಲಿಯದನ್ನು ತೆಗೆದುಕೊಳ್ಳಿ. ಆದರೆ ಡಬ್ಬಿ ನೋಡಿ ಮರುಳಾಗಬೇಡಿ. ತಗಡು, ಹಲಗೆ, ಹಿಂಬಾಗಿಲು ಇವೆಲ್ಲ ಗೋಕುಲ ರೋಡಿನ ಯಾವ ಫ್ಯಾಬ್ರಿಕೇಶನ್ ಶೆಡ್ಡಿನಲ್ಲೂ ಆಗುವ ಕೆಲಸ. ಟ್ರಕ್ಕಿಗೂ ಟ್ರೇಲರಿಗೂ ಕೂಡಿ ಬರಬೇಕಾದವು ಬೇರೆ: ಹುಕ್ಕು, ಬ್ರೇಕು, ಕರೆಂಟು, ಗಾಲಿ. ಈ ನಾಲ್ಕರಲ್ಲಿ ಮೂರು ಹೊಂದದ ಟ್ರೇಲರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊನೆಗೆ ತುಟ್ಟಿಯೇ.

ನೋಡಲು ಹೋಗುವಾಗ ಟಾರ್ಚು, ಸಣ್ಣ ಸುತ್ತಿಗೆ, ಟೇಪು, ವರ್ನಿಯರ್, ಒಂದು ಜಾಕು, ತಂತಿ ಬ್ರಶ್ಶು ಒಯ್ಯಿರಿ. ಮೊದಲು ರಿಂಗು. ಸೈನ್ಯದ ಟ್ರೇಲರುಗಳ ಮೂತಿಯಲ್ಲಿ ದಪ್ಪ ಉಕ್ಕಿನ ಬಳೆ ಇರುತ್ತದೆ, ಟ್ರಕ್ಕಿನ ಹಿಂದಿನ ಹುಕ್ಕಿನ ದವಡೆ ಅದನ್ನು ಕಚ್ಚಿಕೊಳ್ಳುತ್ತದೆ. ನ್ಯಾಟೋ ಮಾದರಿಯ ಬಳೆಯ ಒಳವ್ಯಾಸ 76 ಮಿ.ಮೀ. ಬಳೆ ಸವೆಯುವುದು ಮುಂದಿನ ಒಳಮೈಯಲ್ಲಿ, ಯಾಕೆಂದರೆ ಎಳೆತವೆಲ್ಲ ಅಲ್ಲಿಯೇ ಬೀಳುತ್ತದೆ. ಬಳೆಯ ದಪ್ಪವನ್ನು ಮುಂದೆ ಒಮ್ಮೆ, ಪಕ್ಕದಲ್ಲಿ ಒಮ್ಮೆ ಅಳೆಯಿರಿ. ನಮ್ಮ ಲೆಕ್ಕದಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಬಳೆ ಬದಲಿಸುವುದೇ. ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಅದು ಬಡಿದು ಹದ ಮಾಡಿದ ಉಕ್ಕು. ಮತ್ತೆ ಕಾಸಿದರೆ ವೆಲ್ಡಿನ ಅಂಚಿನಲ್ಲಿ ಗಡಸಾಗಿ ಅಲ್ಲೇ ಸೀಳುತ್ತದೆ. ಟ್ರಕ್ಕಿನ ಹುಕ್ಕನ್ನೂ ಬಿಡಬೇಡಿ: ದವಡೆ ಮುಚ್ಚಿ ಪಿನ್ನು ಹಾಕಿದ ಮೇಲೆ ಕೈಯಿಂದ ಅಲುಗಾಡಿಸಿ, ಹುಕ್ಕು ತನ್ನ ಸುತ್ತ ತಿರುಗುತ್ತದೋ ನೋಡಿ. ಗ್ರೀಸ್ ಒಣಗಿ ಕಚ್ಚಿಕೊಂಡ ಹುಕ್ಕು ಹಳ್ಳ-ದಿಣ್ಣೆಯಲ್ಲಿ ಮೂತಿಯನ್ನೇ ತಿರುಚುತ್ತದೆ.

ಆಮೇಲೆ ಎತ್ತರ. ಸಮನೆಲದಲ್ಲಿ ಟ್ರಕ್ಕಿನ ಹುಕ್ಕಿನ ನಡುಮಟ್ಟ ನೆಲದಿಂದ ಎಷ್ಟಿದೆ, ಟ್ರೇಲರ್ ಮಟ್ಟಸವಾಗಿ ನಿಂತಾಗ ಬಳೆ ಎಷ್ಟು ಎತ್ತರಕ್ಕೆ ಬರುತ್ತದೆ, ಎರಡನ್ನೂ ಬರೆದುಕೊಳ್ಳಿ. ಎರಡು ಇಂಚಿನ ಫರಕಿದ್ದರೆ ನಡೆಯುತ್ತದೆ. ಆರಿದ್ದರೆ ಟ್ರೇಲರ್ ಮೂತಿ ಎತ್ತಿಯೋ ತಗ್ಗಿಸಿಯೋ ಓಡುತ್ತದೆ, ಭಾರವೆಲ್ಲ ಒಂದು ಕಡೆ ಸರಿಯುತ್ತದೆ. ಕೆಲವು ಮಾದರಿಗಳಲ್ಲಿ ಬಳೆಯ ಬ್ರಾಕೆಟ್ಟನ್ನು ಬೇರೆ ತೂತಿಗೆ ಬೋಲ್ಟ್ ಮಾಡಿ ಏರಿಸಿ ಇಳಿಸಬಹುದು.

ಚಾಸಿಯ ಪರೀಕ್ಷೆ ಕಿವಿಯಿಂದ. ಮೂತಿಯ ಎರಡು ತೊಲೆ ಬಂದು ಕೂಡುವ ಜಾಗ, ಕಮಾನು ಪಟ್ಟಿಯ ಬ್ರಾಕೆಟ್ಟುಗಳ ಸುತ್ತ, ಡಬ್ಬಿಯ ಕೆಳಗಿನ ಅಡ್ಡ ತೊಲೆ — ಇಲ್ಲೆಲ್ಲ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ. ಒಳಗಿಂದ ತುಕ್ಕು ತಿಂದದ್ದು ಡಬ್ ಅಂತ ಸತ್ತ ಸದ್ದು ಕೊಡುತ್ತದೆ. ಪೆಟ್ಟಿಗೆಯಾಕಾರದ ತೊಲೆಗೆ ನೀರು ಹೊಕ್ಕರೆ ಹೊರಗೆ ಬಣ್ಣ ಚೆನ್ನಾಗಿದ್ದೇ ಒಳಗೆ ಹಾಳೆಯಾಗಿರುತ್ತದೆ. ಹೊಸ ಬಣ್ಣ ದಪ್ಪಗೆ ಬಳಿದ ಜಾಗ ಕಂಡರೆ ತಂತಿ ಬ್ರಶ್ಶು ಅಲ್ಲಿಗೇ ಹಾಕಿ.

ಆಕ್ಸಲ್ ನೇರವಿದೆಯೋ ತಿಳಿಯಲು ಬಳೆಯ ನಡುವಿನಿಂದ ಎಡಗಾಲಿಯ ಹಬ್ಬಿನ ನಡುವಿಗೆ, ಮತ್ತೆ ಬಲಗಾಲಿಯ ಹಬ್ಬಿಗೆ ಟೇಪು ಹಿಡಿಯಿರಿ. ಎರಡೂ ಒಂದೇ ಬರಬೇಕು. ಅರ್ಧ ಇಂಚು ಹೆಚ್ಚುಕಡಿಮೆ ಬಂದರೆ ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ಕಡಿದು ಆಕ್ಸಲ್ ಹಿಂದಕ್ಕೆ ಜರುಗಿರುವ ಸಂಭವವೇ ಹೆಚ್ಚು. ಅದು ಸಣ್ಣ ಕೆಲಸ: ಯು-ಬೋಲ್ಟ್ ಬಿಚ್ಚಿ ಹೊಸ ಸೆಂಟರ್ ಬೋಲ್ಟ್ ಹಾಕಿದರೆ ಸರಿಹೋಗುತ್ತದೆ. ಬೋಲ್ಟ್ ಸರಿ ಇದ್ದೂ ಫರಕು ಉಳಿದರೆ ಚಾಸಿಯೇ ತಿರುಚಿದೆ ಅಂತ ತಿಳಿದು ಎದ್ದು ಬನ್ನಿ.

ಕೊನೆಯದು ಗಾಲಿ, ಎರೆ ಹೊಲದವರಿಗೆ ಮೊದಲನೆಯದು. ಸೈನ್ಯದವರು ಟ್ರಕ್ಕಿನ ಟೈರು, ರಿಮ್ಮು, ಎಡಬಲ ಗಾಲಿಗಳ ನಡುವಿನ ಅಗಲವನ್ನೇ ಟ್ರೇಲರಿಗೂ ಇಡಲು ನೋಡುವುದಕ್ಕೆ ಎರಡು ಕಾರಣ. ಒಂದು, ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಎರಡನೆಯದು ನಮ್ಮ ಕಡೆಯವರಿಗೆ ಹೆಚ್ಚು ಬೇಕಾದ್ದು: ಟ್ರೇಲರಿನ ಗಾಲಿ ಟ್ರಕ್ಕು ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಉರುಳುತ್ತದೆ. ಅಗಲ ಬೇರೆಯಾದರೆ ಮಳೆ ಬಿದ್ದ ಎರೆಯಲ್ಲಿ ಅದು ತನ್ನದೇ ಹೊಸ ಜಾಡು ಕೊರೆಯಬೇಕು; ಎಳೆಯುವ ಭಾರ ಏರಿ ಟ್ರಕ್ಕೇ ಹೂಳುತ್ತದೆ. ಮಸಾರಿಯಲ್ಲಿ ಇದು ಅಷ್ಟು ಕಾಡುವುದಿಲ್ಲ. ಟೈರು ದಪ್ಪ ಹಲ್ಲಿನದಿದೆ ಅಂತ ಖುಷಿಪಡುವ ಮುನ್ನ ಪಕ್ಕದಲ್ಲಿ ಕೊರೆದ ನಾಲ್ಕು ಅಂಕಿ ಓದಿ: 2314 ಎಂದಿದ್ದರೆ 2014ರ 23ನೆಯ ವಾರದಲ್ಲಿ ತಯಾರಾದದ್ದು. ಡಿಪೋದಲ್ಲಿ ವರ್ಷಾನುಗಟ್ಟಲೆ ನಿಂತ ಟೈರಿನ ಹಲ್ಲು ಹೊಸದಿದ್ದರೂ ಪಕ್ಕದ ರಬ್ಬರು ಬಿರಿದಿರುತ್ತದೆ. ಬಿರುಕಿನೊಳಗೆ ದಾರ ಕಂಡರೆ ಆ ಟೈರಿಗೆ ಬೆಲೆ ಕಟ್ಟಬೇಡಿ.

ಜನರೇಟರ್ ಚಾಸಿ ಯಾಕೆ ಬೇಡ ಅಂದರೆ, ಅದರ ಆಕ್ಸಲ್ ಇಟ್ಟಿರುವುದು ಒಂದೇ ಜಾಗದಲ್ಲಿ ಕೂರುವ ಯಂತ್ರದ ತೂಕಕ್ಕೆ. ಅದರ ಮೇಲೆ ಡಬ್ಬಿ ಕಟ್ಟಿ ಸರಕು ಹೇರಿದರೆ ಮೂತಿಯ ಭಾರ ಎತ್ತಲೋ ಹೋಗುತ್ತದೆ. ಚಾಸಿಯ ಸ್ವರೂಪ ಬದಲಿಸಿದರೆ ಆರ್‌ಟಿಒ ಒಪ್ಪಿಗೆಯ ತಕರಾರೂ ಬರುತ್ತದೆ. ನಾಲ್ಕು ಗಾಲಿಯದು ಹೊರುತ್ತದೆ ನಿಜ, ಟ್ರಕ್ಕಿನ ಹುಕ್ಕಿನ ಮೇಲೆ ಭಾರ ಹಾಕುವುದೂ ಇಲ್ಲ. ಆದರೆ ಮುಂದಿನ ಆಕ್ಸಲ್ ಟರ್ನ್‌ಟೇಬಲ್ ಮೇಲೆ ತಿರುಗುವುದರಿಂದ ರಿವರ್ಸ್ ಹಾಕುವಾಗ ಎರಡು ಕಡೆ ಮಡಚಿಕೊಳ್ಳುತ್ತದೆ. ಹೊಲದ ದಾರಿಯಲ್ಲಿ ಅದನ್ನು ಹಿಂದಕ್ಕೆ ತಳ್ಳಬಲ್ಲ ಡ್ರೈವರ್ ಸಿಕ್ಕರೆ ಆಮೇಲೆ ಯೋಚಿಸಿ.

ಹರಾಜಿನಲ್ಲಿ ಟ್ರೇಲರ್ ಕೊಂಡರೆ ಆರ್‌ಟಿಒದಲ್ಲಿ ನೋಂದಣಿ ಆಗುತ್ತದೆಯೆ? ಟ್ರಕ್ಕಿನ ಕಾಗದ ಸಾಲದೆ?
— ಲಕ್ಷ್ಮೇಶ್ವರ

ಸಾಲದು. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರಿಗೆ ತನ್ನದೇ ನೋಂದಣಿ ಬೇಕು. ಸೈನ್ಯದಲ್ಲಿ ಇರುವವರೆಗೆ ಅದು 60ನೆಯ ಕಲಮಿನಲ್ಲಿ, ಬಾಣದ ಗುರುತಿನ ನಂಬರಿನಲ್ಲಿ ಓಡುತ್ತದೆ. ಸೈನ್ಯದ ಕೆಲಸದಿಂದ ಬಿಟ್ಟ ಕೂಡಲೇ ಉಳಿದವರ ಹಾಗೆ ಹೊಸದಾಗಿ ನೋಂದಾಯಿಸಬೇಕು. ಇದಕ್ಕೆ ಬೇಕಾದ ಮುಖ್ಯ ಕಾಗದ ಫಾರಂ 21, ಮಾರಾಟದ ಸರ್ಟಿಫಿಕೇಟು. ಹೊಸ ಗಾಡಿಗೆ ಅದನ್ನು ಶೋರೂಮಿನವರು ಕೊಡುವಂತೆ ಸೈನ್ಯದ ಹರಾಜಿನ ಗಾಡಿಗೆ ರಕ್ಷಣಾ ಇಲಾಖೆಯ ಅಧಿಕಾರಿ ಕೊಡುತ್ತಾರೆ. ಅದನ್ನು ಫಾರಂ 20ರ ಅರ್ಜಿಯೊಂದಿಗೆ ನಿಮ್ಮ ಕಚೇರಿಗೆ ಕೊಡಬೇಕು. ಗದಗ ಕೆಎ 26, ಹಾವೇರಿ ಕೆಎ 27, ಧಾರವಾಡ ಕೆಎ 25, ಹುಬ್ಬಳ್ಳಿ ಕೆಎ 63.

ಎಡವುವುದು ಇಲ್ಲಿಯೇ. ಸರ್ಕಾರಿ ಕಂಪನಿ ಎಂಎಸ್‌ಟಿಸಿ ನಡೆಸುವಂಥ ಇ-ಹರಾಜಿನಲ್ಲಿ ಲಾಟುಗಳನ್ನು "ಇದ್ದಲ್ಲಿ, ಇದ್ದಂತೆ" ಮಾರುತ್ತಾರೆ. ಲಾಟಿನ ಷರತ್ತಿನಲ್ಲಿ ಸ್ಕ್ರಾಪ್ ಎಂದೋ, ನೋಂದಾಯಿತ ಸ್ಕ್ರಾಪಿಂಗ್ ಘಟಕಕ್ಕೆ ಮಾತ್ರ ಎಂದೋ ಇದ್ದರೆ ಅದು ಗುಜರಿ ಕಬ್ಬಿಣ. ರಸ್ತೆಗೆ ಇಳಿಸುವ ಆಸೆ ಬಿಡಿ. ವ್ಯಾಪಾರಿಯಿಂದ ಕೊಳ್ಳುವುದಾದರೆ ಫಾರಂ 21 ಯಾರ ಹೆಸರಿನಲ್ಲಿದೆ ನೋಡಿ, ಅದರಲ್ಲಿನ ಚಾಸಿ ನಂಬರನ್ನು ಮೂತಿಯ ತೊಲೆಯ ಮೇಲೆ ಕೊರೆದ ನಂಬರಿಗೆ ಒಂದೊಂದೇ ಅಂಕಿ ಹಿಡಿದು ಹೋಲಿಸಿ. ಫಲಕದ ಮೇಲಿನ ನಂಬರ್ ನಂಬಬೇಡಿ, ಫಲಕ ನಾಲ್ಕು ರಿವೆಟ್ಟಿನದು. ಕಾಗದ "ಬರ್ತೈತಿ, ಆಮ್ಯಾಗ ಕೊಡ್ತೀನಿ" ಅಂದರೆ ದುಡ್ಡನ್ನೂ ಆಮೇಲೆಯೇ ಕೊಡಿ.

ವಿಮೆಯಲ್ಲಿ ಟ್ರೇಲರಿನ ನಂಬರೂ ನಮೂದಾಗಿರಲಿ. ಟ್ರಕ್ಕಿನ ಪಾಲಿಸಿ ತಾನಾಗಿಯೇ ಹಿಂದಿನದಕ್ಕೆ ಹಬ್ಬುವುದಿಲ್ಲ.

ಟ್ರೇಲರಿನ ಮಿಲಿಟರಿ ಹಸಿರು ಬಣ್ಣವನ್ನು ಹಾಗೇ ಇಟ್ಟುಕೊಳ್ಳಬಹುದೆ?
— ಹಾನಗಲ್ಲ

ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ತಪಾಸಣೆಗೆ ಒಯ್ಯುವ ಮುನ್ನವೇ ಬೇರೆ ಬಣ್ಣ ಬಳಿಸಿ, ಬಾಣದ ಗುರುತನ್ನೂ ಅಳಿಸಿ.

ಹಳೆಯ ಟ್ರೇಲರಿಗೆ ಒಂದೇ ಏರ್ ಪೈಪಿದೆ, ನಮ್ಮ ಟ್ರಕ್ಕಿಗೆ ಎರಡು. ಒಂದಕ್ಕೆ ಹಾಕಿದರೆ ಗಾಲಿ ಜಾಮ್ ಆಗುತ್ತದೆ, ಇನ್ನೊಂದಕ್ಕೆ ಹಾಕಿದರೆ ಬ್ರೇಕೇ ಹಿಡಿಯುವುದಿಲ್ಲ. ಪೈಪ್ ಬಿಚ್ಚಿಟ್ಟು ಓಡಿಸಿದರೆ ಏನಾದೀತು?
— ನವಲಗುಂದ

ನೀವು ಹೇಳಿದ ಎರಡೂ ಲಕ್ಷಣ ಸರಿಯಾಗಿಯೇ ಇವೆ. ಟ್ರೇಲರ್ ಕೆಟ್ಟಿಲ್ಲ, ಪದ್ಧತಿಯೇ ಬೇರೆ.

ಒಂದು ಪೈಪಿನ ಪದ್ಧತಿಯಲ್ಲಿ ಬ್ರೇಕ್ ಬಿಟ್ಟಾಗ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ಪೆಡಲ್ ಒತ್ತಿದಾಗ ಆ ಗಾಳಿ ಇಳಿಯುತ್ತದೆ, ಇಳಿದಷ್ಟೂ ಟ್ರೇಲರ್ ತನ್ನ ಟ್ಯಾಂಕಿನ ಗಾಳಿಯಿಂದ ಬ್ರೇಕ್ ಹಿಡಿಯುತ್ತದೆ. ಎರಡು ಪೈಪಿನದರಲ್ಲಿ ಒಂದು ಸದಾ ತುಂಬಿರುವ ಸಪ್ಲೈ, ಇನ್ನೊಂದು ಪೆಡಲ್ ಒತ್ತಿದಾಗ ಮಾತ್ರ ಗಾಳಿ ಬರುವ ಸರ್ವಿಸ್. ಈಗ ನಿಮ್ಮ ಒಂದೇ ಪೈಪನ್ನು ಸರ್ವಿಸ್ ತುದಿಗೆ ಹಾಕಿದರೆ ಪೆಡಲ್ ಮುಟ್ಟದಿದ್ದಾಗ ಪೈಪು ಖಾಲಿ, ಟ್ರೇಲರ್ ಬಿಗಿಯಾಗಿ ಹಿಡಿದು ನಿಲ್ಲುತ್ತದೆ. ಪೆಡಲ್ ಒತ್ತಿದರೆ ಬಿಡುತ್ತದೆ. ಸಪ್ಲೈಗೆ ಹಾಕಿದರೆ ಪೈಪು ಯಾವಾಗಲೂ ತುಂಬಿರುತ್ತದೆ, ಟ್ರೇಲರ್ ಎಂದೂ ಹಿಡಿಯುವುದಿಲ್ಲ. ಅಡಾಪ್ಟರ್ ಹಾಕಿ ಇದನ್ನು ಸರಿಮಾಡಲು ಬರುವುದಿಲ್ಲ. ಟ್ರೇಲರಿಗೆ ಎರಡು ಪೈಪಿನ ರಿಲೇ ಎಮರ್ಜೆನ್ಸಿ ವಾಲ್ವ್ ಹಾಕಿ, ಹೊಸ ಹೋಸು, ಎರಡು ಪಾಮ್ ಕಪ್ಲಿಂಗ್ (ಹೋಸುಗಳ ತುದಿ ಕೂಡಿಸುವ ಜೋಡಣೆ) ಕೂರಿಸುವುದೇ ದಾರಿ. ಚೇಂಬರ್ (ಗಾಳಿಯ ಬಲದಿಂದ ಬ್ರೇಕ್ ದೂಡುವ ಭಾಗ), ಟ್ಯಾಂಕು ಗಟ್ಟಿ ಇದ್ದರೆ ಅವನ್ನೇ ಉಳಿಸಿಕೊಳ್ಳಬಹುದು. ಲಾರಿ ಏರ್ ಬ್ರೇಕಿನ ಕೆಲಸ ಬಲ್ಲ ಗ್ಯಾರೇಜಿನಲ್ಲೇ ಮಾಡಿಸಿ.

ಎರಡು ಪೈಪು ಆದಮೇಲೆ ಅದಲುಬದಲು ಹಾಕುವ ಅಪಾಯ ಇದ್ದೇ ಇರುತ್ತದೆ. ಕೆಂಪು ಸಪ್ಲೈ, ಯುರೋಪಿನ ರೂಢಿಯಲ್ಲಿ ಸರ್ವಿಸ್ ಹಳದಿ, ಅಮೆರಿಕದ್ದರಲ್ಲಿ ನೀಲಿ. ಅದಲುಬದಲಾದಾಗ ಟ್ರೇಲರಿನ ಟ್ಯಾಂಕಿನಲ್ಲಿ ಗಾಳಿ ಇದ್ದರೆ ಗಾಲಿ ಹಿಡಿದು ನಿಲ್ಲುತ್ತದೆ, ತಪ್ಪು ಕೂಡಲೇ ತಿಳಿಯುತ್ತದೆ. ಟ್ಯಾಂಕು ಖಾಲಿ ಇದ್ದರೆ ಮಾತ್ರ ಕಷ್ಟ: ಗಾಲಿ ಹಗುರಾಗಿ ಉರುಳುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ, ಬ್ರೇಕು ಇರುವುದೇ ಇಲ್ಲ. ಅದಕ್ಕೇ ಕಟ್ಟಿದ ಮೇಲೆ ಹತ್ತು ಹೆಜ್ಜೆ ಓಡಿಸಿ, ಒಬ್ಬರು ಹೊರಗೆ ನಿಂತು ಪೆಡಲ್ ಒತ್ತಿದಾಗ ಟ್ರೇಲರಿನ ಚೇಂಬರಿನ ಸರಳು (ಪುಶ್ ರಾಡ್) ಹೊರಬರುವುದನ್ನು ಕಣ್ಣಾರೆ ನೋಡಬೇಕು. ಟೈಪ್ 30 ಚೇಂಬರಿನಲ್ಲಿ ರಾಡ್ 2 ಇಂಚಿಗಿಂತ ಹೆಚ್ಚು ಹೊರಬಂದರೆ ಸ್ಲ್ಯಾಕ್ ಅಡ್ಜಸ್ಟರ್ (ರಾಡಿಗೆ ಕೂಡಿದ, ಬ್ರೇಕಿನ ಸಡಿಲ ತೆಗೆಯುವ ತೋಳು) ಬಿಗಿ ಮಾಡಿ. ಸೋರಿಕೆ ನೋಡಲು ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆರಿಸಿ, ಪೆಡಲ್ ಒತ್ತಿ ಹಿಡಿಯಿರಿ: ನಿಮಿಷಕ್ಕೆ 4 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಹಳೆಯ ಟ್ರೇಲರಿನಲ್ಲಿ ಮೊದಲು ಅನುಮಾನ ಕಪ್ಲಿಂಗಿನ ರಬ್ಬರ್ ವಾಶರ್ ಮೇಲೆ, ಆಮೇಲೆ ಚೇಂಬರಿನ ಡಯಾಫ್ರಮ್ ಮೇಲೆ. ಟ್ಯಾಂಕಿನ ತಳದ ಕೊಳಾಯಿ ಬಿಟ್ಟು ನೀರು ಇಳಿಸುವುದನ್ನು ರೂಢಿ ಮಾಡಿಕೊಳ್ಳಿ.

ಅಮೆರಿಕದ ಸೈನ್ಯದ ಎಂ 105ರಂಥ ಟ್ರೇಲರ್ ನಿಮಗೆ ಸಿಕ್ಕರೆ ಅದರಲ್ಲಿ ಗಾಳಿ ನೇರ ಗಾಲಿಗೆ ಹೋಗುವುದಿಲ್ಲ. ಗಾಳಿಯ ಚೇಂಬರ್ ಒಂದು ಮಾಸ್ಟರ್ ಸಿಲಿಂಡರನ್ನು ದೂಡುತ್ತದೆ, ಅಲ್ಲಿಂದ ಮುಂದೆ ಬ್ರೇಕ್ ಆಯಿಲ್. ಅಂಥದರಲ್ಲಿ ಸಿಲಿಕಾನ್ ಜಾತಿಯ ಡಾಟ್ 5 ಆಯಿಲ್ ಇರಬಹುದು, ನಮ್ಮ ಅಂಗಡಿಯ ಡಾಟ್ 3 ಅದಕ್ಕೆ ಬೆರೆಯುವುದಿಲ್ಲ. ಪೂರ್ತಿ ತೆಗೆದು, ರಬ್ಬರ್ ಕಿಟ್ಟು ಬದಲಿಸಿ, ಒಂದೇ ಜಾತಿಯದನ್ನು ತುಂಬಿ.

ಪೈಪ್ ಬಿಚ್ಚಿಟ್ಟು ಓಡಿಸುವ ಮಾತು: ಸಮತಟ್ಟಿನ ಗದಗ ರೋಡಿನಲ್ಲಿ ಖಾಲಿ ಟ್ರೇಲರ್ ಎಳೆದಾಗ ಏನೂ ಅನಿಸುವುದಿಲ್ಲ. ಅದನ್ನೇ ತುಂಬಿಕೊಂಡು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಲು ಹೋದರೆ ಹಿಂದಿನ ಭಾರವನ್ನೂ ಟ್ರಕ್ಕಿನ ಡ್ರಮ್ಮುಗಳೇ ತಡೆಯಬೇಕು. ಕಾದು ಲೈನರ್ ಜಾರತೊಡಗುತ್ತದೆ, ತಿರುವಿನಲ್ಲಿ ಟ್ರೇಲರ್ ಟ್ರಕ್ಕಿನ ಹಿಂಭಾಗವನ್ನು ಪಕ್ಕಕ್ಕೆ ದೂಡುತ್ತದೆ. ಬ್ರೇಕ್ ಇಲ್ಲದೆ ಹೊರಡಬೇಡಿ. ಬ್ರೇಕ್ ಇದ್ದರೂ ಸರಪಳಿ ಎರಡೂ ಬದಿ ಇರಲಿ, ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿ. ಹುಕ್ಕು ಬಿಟ್ಟರೂ ಮೂತಿ ನೆಲಕ್ಕೆ ಊರದೆ ಸರಪಳಿಯ ಮೇಲೆ ಕೂರುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುವಾಗ 50ರ ವೇಗ ದಾಟಿದರೆ ಟ್ರೇಲರ್ ಬಾಲ ಬೀಸುತ್ತದೆ. ಭಾರ ಹೆಚ್ಚೇನಿಲ್ಲ. ಟೈರು ಹೊಸವು. ದೋಷ ಎಲ್ಲಿ?
— ಬ್ಯಾಡಗಿ

ಭಾರ ಹೆಚ್ಚಿಲ್ಲ, ಆದರೆ ಭಾರ ಇರುವ ಜಾಗ ತಪ್ಪಿದೆ. ಒಣ ಮೆಣಸಿನಕಾಯಿ ತೂಕಕ್ಕಿಂತ ಜಾಗ ತಿನ್ನುವ ಸರಕು. ಡಬ್ಬಿ ತುಂಬಿ, ಹಿಂಬಾಗಿಲು ಇಳಿಸಿ, ಅದರ ಮೇಲೂ ಚೀಲ ಒಟ್ಟುವುದು ರೂಢಿ. ಹಾಗೆ ಒಟ್ಟಿದ್ದೆಲ್ಲ ಆಕ್ಸಲಿನ ಹಿಂದೆ ಬೀಳುತ್ತದೆ, ಮೂತಿ ಹಗುರಾಗುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲಿ ಒಟ್ಟು ತೂಕದ ಸುಮಾರು ಹತ್ತರಲ್ಲಿ ಒಂದು ಪಾಲು ಹುಕ್ಕಿನ ಮೇಲೆ ಇರಬೇಕು. ನೂರಕ್ಕೆ ಐದಕ್ಕಿಂತ ಕೆಳಗಿಳಿದರೆ ಬಾಲ ಬೀಸಲು ಶುರು.

ವೇಬ್ರಿಡ್ಜಿನಲ್ಲಿ ಹೀಗೆ ತೂಗಿಸಿ. ಮೊದಲು ಹೇರಿದ ಟ್ರೇಲರನ್ನು ಟ್ರಕ್ಕಿನಿಂದ ಬಿಡಿಸಿ, ಮೂತಿಯ ಕಾಲೂರಿಸಿ, ಪೂರ್ತಿ ತೂಗಿ. ಆಮೇಲೆ ಟ್ರಕ್ಕಿಗೆ ಕಟ್ಟಿ, ಟ್ರಕ್ಕು ಕಟ್ಟೆಯ ಹೊರಗೆ, ಟ್ರೇಲರಿನ ಗಾಲಿ ಮಾತ್ರ ಕಟ್ಟೆಯ ಮೇಲೆ ಬರುವಂತೆ ನಿಲ್ಲಿಸಿ ತೂಗಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರುವುದೇ ಮೂತಿಯ ಭಾರ. ಒಟ್ಟು 2,400 ಕೆ.ಜಿ., ಗಾಲಿಯ ಮೇಲೆ 2,370 ಬಂತು ಅನ್ನಿ. ಮೂತಿಗೆ ಉಳಿದದ್ದು 30, ಅಂದರೆ ನೂರಕ್ಕೆ ಒಂದು ಚಿಲ್ಲರೆ. ಕಡಿಮೆಯೆಂದರೂ 190 (ನೂರಕ್ಕೆ ಎಂಟರಷ್ಟು) ಬೇಕು, ಅಂದರೆ ಇನ್ನೂ 160 ಕಮ್ಮಿ ಬಿದ್ದಿದೆ. ಬಳೆಯಿಂದ ಆಕ್ಸಲಿಗೆ 3 ಮೀಟರ್ ಇದ್ದರೆ 160ನ್ನು 3ರಿಂದ ಗುಣಿಸಿ: 480. ಅಂದರೆ 480 ಕೆ.ಜಿ.ಯನ್ನು ಒಂದು ಮೀಟರ್ ಮುಂದಕ್ಕೆ ಸರಿಸಬೇಕು. ಚೀಲಕ್ಕೆ 40 ಕೆ.ಜಿ. ಹಿಡಿದರೆ 12 ಚೀಲ. ಎರಡು ಮೀಟರ್ ಸರಿಸಲು ಜಾಗ ಇದ್ದರೆ ಆರೇ ಸಾಕು. ಹಿಂಬಾಗಿಲ ಮೇಲಿನ ಚೀಲ ತೆಗೆದು ಮುಂದಿನ ಗೋಡೆಗೆ ಒತ್ತಿ ಒಟ್ಟಿದರೆ ಲೆಕ್ಕ ಸರಿಹೋಗುತ್ತದೆ. ಎತ್ತರ ಮಾತ್ರ ಏರಿಸಬೇಡಿ. ಸೈನ್ಯದ ಕಮಾನು ಪಟ್ಟಿ ಬಿರುಸು. ಹಗುರ ಸರಕನ್ನು ಎತ್ತರಕ್ಕೆ ಒಟ್ಟಿದರೆ ಹಂಪಿನಲ್ಲಿ ಪುಟಿದು ಪಕ್ಕಕ್ಕೆ ವಾಲುತ್ತದೆ.

ದಾರಿಯಲ್ಲಿ ಬೀಸಲು ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ. ಬ್ರೇಕನ್ನು ಝಾಡಿಸಿ ಒತ್ತಿದರೆ ಟ್ರೇಲರ್ ಮುಂದೆ ನುಗ್ಗಿ ಮಡಚುತ್ತದೆ. ವೇಗ ಏರಿಸಿ ಎಳೆದು ನೇರ ಮಾಡುತ್ತೇನೆ ಅನ್ನುವವರು ಗಟಾರಕ್ಕೆ ಬೀಳುತ್ತಾರೆ.

ಟ್ರೇಲರಿಗೆ ಹೊಸ ಬಲ್ಬ್ ಹಾಕಿದ ಕೂಡಲೇ ಸುಟ್ಟು ಹೋಗುತ್ತವೆ. ಇನ್ನೊಂದು ಟ್ರೇಲರಿನಲ್ಲಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ.
— ಹುಬ್ಬಳ್ಳಿ

ಮೊದಲನೆಯದು 24 ವೋಲ್ಟಿನ ಟ್ರಕ್ಕಿಗೆ 12ರ ಬಲ್ಬ್. ಸ್ಟಾಲಿಯನ್ನಿನಂಥ ದೊಡ್ಡ ಟ್ರಕ್ಕು 24, ಜಿಪ್ಸಿ, ಜೀಪು 12. ಅಂಗಡಿಯಲ್ಲಿ ಲಾರಿಯ ಡಬಲ್ ಕಾಂಟ್ಯಾಕ್ಟ್ 24 ವೋಲ್ಟ್ 21/5 ವ್ಯಾಟ್ ಕೇಳಿ. ಎರಡಕ್ಕೂ ಟ್ರೇಲರ್ ಬಳಸುವವರು 10ರಿಂದ 30 ವೋಲ್ಟಿನ ಎಲ್‌ಇಡಿ ದೀಪ ಹಾಕಿಸಿಕೊಂಡರೆ ತಲೆನೋವು ತಪ್ಪುತ್ತದೆ.

ಎರಡನೆಯದು ಅರ್ಥಿಂಗ್ ದೋಷ. ವಾಪಸ್ ಹೋಗಲು ದಾರಿ ಸಿಗದ ಕರೆಂಟು ಬೇರೆ ದೀಪದ ತಂತಿಯೊಳಗಿಂದ ಹಾಯುತ್ತದೆ. ಹುಕ್ಕು-ಬಳೆಯ ಮೂಲಕ ಅರ್ಥ್ ಸಿಗುತ್ತದೆ ಅಂತ ಬಿಟ್ಟವರಿಗೆಲ್ಲ ಇದು ಬರುತ್ತದೆ. ನಡುವೆ ಗ್ರೀಸು, ತುಕ್ಕು ಇರುತ್ತದಲ್ಲ. ಪ್ಲಗ್ಗಿನಿಂದ ಟ್ರೇಲರ್ ಚಾಸಿಗೆ 2.5 ಚದರ ಮಿ.ಮೀ. ತಂತಿ ಬೇರೆಯಾಗಿಯೇ ಎಳೆಯಿರಿ. ಏಳು ಪಿನ್ನಿನ ಸಾಕೆಟ್ಟಿನಲ್ಲಿ ಒಂದು ಮೋಸವಿದೆ: 24 ವೋಲ್ಟಿನದರಲ್ಲಿ ಅರ್ಥ್ 1ನೇ ಪಿನ್ನು, 12ರದರಲ್ಲಿ 3ನೇದು. 24ರಲ್ಲಿ 3 ಎಡ ಇಂಡಿಕೇಟರ್, 4 ಬ್ರೇಕ್ ದೀಪ, 5 ಬಲ ಇಂಡಿಕೇಟರ್, 2 ಮತ್ತು 6 ಎಡಬಲದ ಹಿಂದೀಪ. ನ್ಯಾಟೋ ಮಾದರಿಯ 12 ಪಿನ್ನಿನ ದಪ್ಪ ಪ್ಲಗ್ ಬಂದರೆ ಅದನ್ನು ಕತ್ತರಿಸಿ ಏಳರದು ಹಾಕುವುದೇ ಸುಲಭ. ಕಾನ್‌ವಾಯ್ ದೀಪಕ್ಕೆ (ಸೈನ್ಯದ ಗಾಡಿಗಳು ರಾತ್ರಿ ಸಾಲಾಗಿ ಹೋಗುವಾಗ ಉರಿಸುವ ಮಂದ ದೀಪ) ಹೋಗುವ ತಂತಿಯನ್ನು ಟೇಪ್ ಸುತ್ತಿ ಬಿಟ್ಟುಬಿಡಿ, ಅದು ಮಿಲಿಟರಿ ಸ್ವಿಚ್ಚಿನ ಬೇರೆ ಸ್ಥಾನದಲ್ಲಿ ಮಾತ್ರ ಉರಿಯುವಂಥದು.

ಬೇಸಿಗೆಯಲ್ಲಿ ನೀರು ಹೊಡೆಯಲು ಮಿಲಿಟರಿ ನೀರಿನ ಟ್ರೇಲರ್ ಒಳ್ಳೆಯದೆ?
— ಗದಗ

ಒಳ್ಳೆಯದೇ, ಅದು ನೀರಿನದೇ ಆಗಿದ್ದರೆ. ಡೀಸೆಲ್, ಪೆಟ್ರೋಲ್ ಟ್ಯಾಂಕರಿಗೆ ಬಣ್ಣ ಬಳಿದು ನೀರಿನದು ಅಂತ ಮಾರುವುದುಂಟು. ಮುಚ್ಚಳ ತೆಗೆದು ಮೂಗು ಹಿಡಿದು ನೋಡಿ. ಬಿಸಿಲಿಗೆ ನಿಂತ ಟ್ಯಾಂಕಿನಲ್ಲಿ ವಾಸನೆ ಬೇಗ ತಿಳಿಯುತ್ತದೆ. ಇಂಧನದ್ದಾದರೆ ಕುಡಿಯುವ ನೀರಿಗೆ ಯಾವ ಸೋಪಿನಿಂದ ತೊಳೆದರೂ ಬೇಡ. ಅದಕ್ಕೆ ವೆಲ್ಡಿಂಗ್ ಹಚ್ಚುವುದಂತೂ ಬೇಡವೇ ಬೇಡ, ಖಾಲಿ ಇಂಧನದ ಟ್ಯಾಂಕು ಆವಿಯಿಂದ ಸಿಡಿಯುತ್ತದೆ.

ಒಳಗೆ ಟಾರ್ಚು ಬಿಟ್ಟು ಅಡ್ಡ ತಡೆಗೋಡೆಗಳು ಇವೆಯೋ ನೋಡಿ. 1,500 ಲೀಟರ್ ಅಂದರೆ ಒಂದೂವರೆ ಟನ್. ಪೂರ್ತಿ ತುಂಬಿದ್ದು ಸುಮ್ಮನಿರುತ್ತದೆ; ಅರ್ಧ ತುಂಬಿದ್ದು ಬ್ರೇಕ್ ಹಾಕಿದಾಗ ಮುಂದಕ್ಕೂ ಎಳೆದಾಗ ಹಿಂದಕ್ಕೂ ನುಗ್ಗಿ ಮೂತಿಯನ್ನು ಕುಕ್ಕುತ್ತದೆ. ತಡೆಗೋಡೆಯ ವೆಲ್ಡಿಂಗ್ ಬಿಟ್ಟಿದ್ದರೆ ಒಳಗೆ ತಗಡು ಬಡಿಯುವ ಸದ್ದು ಬರುತ್ತದೆ. ಕೊಂಡ ಮೇಲೆ ತಿಕ್ಕಿ ತೊಳೆದು, 1,500 ಲೀಟರಿಗೆ 250 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬಕೆಟ್ಟಿನಲ್ಲಿ ಕದಡಿ, ತಿಳಿ ನೀರು ಮಾತ್ರ ಹಾಕಿ ತುಂಬಿಸಿ 24 ಗಂಟೆ ಬಿಡಿ. ಪೌಡರಿನಲ್ಲಿ 30 ಶೇಕಡಾ ಕ್ಲೋರಿನ್ ಇದ್ದರೆ ಅದು 50 ಪಿಪಿಎಂ ಆಗುತ್ತದೆ. ಅದನ್ನು ಚೆಲ್ಲಿ ಎರಡು ಸಲ ತೊಳೆದು ಬಳಸಿ. ಅಲ್ಯೂಮಿನಿಯಂ ಟ್ಯಾಂಕಾದರೆ ಹೆಚ್ಚು ಹೊತ್ತು ಬಿಡಬೇಡಿ, ಕ್ಲೋರಿನ್ ಅದನ್ನು ತಿನ್ನುತ್ತದೆ.

ಹಳೆಯ ಜೀಪಿಗೆ ಯುದ್ಧಕಾಲದ ಕಾಲು ಟನ್ನಿನ ಟ್ರೇಲರ್ ಸಿಕ್ಕಿದೆ. ಕಾಲು ಟನ್ ಅಂದರೆ 250 ಕೆ.ಜಿ. ಅಲ್ಲವೆ?
— ಧಾರವಾಡ

ಅಮೆರಿಕದ ಟನ್ನು 907 ಕೆ.ಜಿ., ಅದರ ಕಾಲು ಭಾಗ 227. ಎರಡನೆಯ ಮಹಾಯುದ್ಧದ ಬ್ಯಾಂಟಮ್ ಮಾದರಿಯ ಟ್ರೇಲರಿನ ಹೆಸರಿನಲ್ಲಿರುವುದು ಹೊಲ-ಹಳ್ಳದಲ್ಲಿ ಹೇರಬಹುದಾದ ಭಾರದ ಲೆಕ್ಕ. ಸೈನ್ಯದ ಟ್ರೇಲರುಗಳಲ್ಲಿ ಇದೇ ರೂಢಿ: ಎಂ 105ಕ್ಕೆ ಒಂದೂವರೆ ಟನ್ ಎಂದು ಹೆಸರಿದ್ದರೂ ಹೊಲದಲ್ಲಿ 1,360, ಡಾಂಬರಿನಲ್ಲಿ 2,040 ಕೆ.ಜಿ. ನಿಮ್ಮದು ಖಾಲಿ ಇದ್ದಾಗಲೇ ಸುಮಾರು 250 ಕೆ.ಜಿ. ತೂಗುತ್ತದೆ. ಓಡುವಾಗ ಹಿಡಿಯುವ ಬ್ರೇಕ್ ಇದಕ್ಕಿಲ್ಲ, ಇರುವುದು ನಿಲ್ಲಿಸಲು ಕೈಬ್ರೇಕ್ ಮಾತ್ರ. ಜೀಪಿನ ಬ್ರೇಕ್ ಬಲ ನೋಡಿಕೊಂಡು ಹೇರಿ. ಡಬ್ಬಿ ನೀರಿನಲ್ಲಿ ತೇಲುವಂತೆ ಮಾಡಿದ್ದು, ತಳದಲ್ಲಿ ಬಿರಡೆ ಇರುತ್ತದೆ. ಮಳೆಗಾಲದಲ್ಲಿ ಬಿರಡೆ ತೆಗೆದಿಡಿ, ಇಲ್ಲವಾದರೆ ಡಬ್ಬಿಯೇ ಕೆರೆ. ಆ ಕಾಲದ ಜೀಪುಗಳ ಎಡಗಾಲಿಯ ನಟ್ಟುಗಳು ಎಡ ಥ್ರೆಡ್ಡಿನವು, ಉಲ್ಟಾ ತಿರುಗಿಸಿ ಬಿಚ್ಚುವಂಥವು. ಇದರಲ್ಲೂ ಹಾಗಿದ್ದರೆ ನಟ್ಟು ಬರಲಿಲ್ಲ ಅಂತ ಪೈಪ್ ಹಾಕಿ ಜಗ್ಗುವ ಮುನ್ನ ಸ್ಟಡ್ಡಿನ ತುದಿಯಲ್ಲಿ ಥ್ರೆಡ್ಡು ಯಾವ ಕಡೆಯದು ನೋಡಿ.

ಟ್ರಕ್ಕಿಗೆ ಕಟ್ಟುವ ಎರಡು ಗಾಲಿಯ ಮಿಲಿಟರಿ ಟ್ರೇಲರನ್ನು ಟ್ರ್ಯಾಕ್ಟರಿಗೂ ಕಟ್ಟಬಹುದಲ್ಲ?
— ರೋಣ

ಹೊಲದೊಳಗೆ ಸಣ್ಣ ಭಾರಕ್ಕೆ ಆದೀತು, ರೋಡಿಗೆ ಬೇಡ. ಟ್ರ್ಯಾಕ್ಟರಿನ ಹಿಚ್ಚು ತಗ್ಗಿನಲ್ಲಿರುತ್ತದೆ, ಮೂತಿ ಕೆಳಗೆ ಬಾಗುತ್ತದೆ. ಅಲ್ಲದೆ ನಿಂತ ಪಿನ್ನಿನಲ್ಲಿ ಮಿಲಿಟರಿ ಬಳೆ ತಿರುಗುವುದಿಲ್ಲ. ಒಂದು ಗಾಲಿ ಬದು ಏರಿದಾಗ ತಿರುಚು ಪೂರ್ತಿ ಮೂತಿಯ ಮೇಲೆ ಬೀಳುತ್ತದೆ. ಏರ್ ಬ್ರೇಕಿಗೆ ಗಾಳಿ ಕೊಡಲು ಟ್ರ್ಯಾಕ್ಟರಿನಲ್ಲಿ ಕಂಪ್ರೆಸರ್ ಇರುವುದಿಲ್ಲ.

ಗಾಲಿ ಬಿಚ್ಚಿ ಪಂಚರ್ ಹಾಕಿಸುವಾಗ ಎರಡು ಸುತ್ತು ಬೋಲ್ಟ್ ಕಾಣುತ್ತವೆ. ಯಾವುದನ್ನು ಬಿಚ್ಚಬೇಕು?
— ಕಲಘಟಗಿ

ಕೇಳಿದ್ದು ಒಳ್ಳೆಯದಾಯಿತು. ಅದು ಎರಡು ಹೋಳಿನ ರಿಮ್ಮು. ಒಳಸುತ್ತಿನ ನಟ್ಟುಗಳು ಗಾಲಿಯನ್ನು ಹಬ್ಬಿಗೆ ಹಿಡಿದಿರುತ್ತವೆ. ಹೊರಸುತ್ತಿನವು ರಿಮ್ಮಿನ ಎರಡು ಹೋಳನ್ನು ಕೂಡಿಸಿರುತ್ತವೆ. ಗಾಳಿ ಇರುವಾಗ ಹೊರಸುತ್ತು ಸಡಿಲಿಸಿದರೆ ಹೋಳು ಹಾರಿ ಎದುರು ಕೂತವರ ಜೀವವೇ ಹೋಗುತ್ತದೆ. ಗಾಲಿ ಕಳಚುವುದಕ್ಕೂ ಮೊದಲೇ ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡಿ, ತಂತಿ ಹಾಕಿ ವಾಲ್ವ್ ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಒಳಸುತ್ತು ಬಿಚ್ಚಿ ಗಾಲಿ ಇಳಿಸಿ, ನೆಲಕ್ಕೆ ಮಲಗಿಸಿ, ಕೊನೆಗೆ ಹೊರಸುತ್ತು. ಲಾಕ್ ರಿಂಗಿನ ರಿಮ್ಮಾದರೂ ಮಾತು ಇದೇ. ತಿರುಗಿ ಗಾಳಿ ತುಂಬುವಾಗ ಗಾಲಿಯನ್ನು ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದ ಹೋಸಿನಿಂದ, ಪಕ್ಕಕ್ಕೆ ನಿಂತು ತುಂಬಬೇಕು. ಪಂಜರ ಇಲ್ಲದ ಪಂಚರ್ ಅಂಗಡಿಗೆ ಈ ಗಾಲಿ ಕೊಡಬೇಡಿ. ಹಬ್ಬು ಹೇಗೂ ತೆರೆದಿದೆ ಅಂತಾದರೆ ಬೇರಿಂಗನ್ನೂ ತೊಳೆದು ಹೊಸ ಗ್ರೀಸ್ ತುಂಬಿ. ಗಾಲಿ ತಿರುಗಿಸುತ್ತ ನಟ್ಟು ಬಿಗಿ ಮಾಡಿ, ಕಾಲು ಸುತ್ತು ಹಿಂದಕ್ಕೆ ಬಿಟ್ಟು ಲಾಕ್ ಹಾಕಿ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ಹಬ್ಬು ಮುಟ್ಟಿ ನೋಡಿ: ಕೈ ಇಡಲಾಗದಷ್ಟು ಬಿಸಿ ಇದ್ದರೆ ಬಿಗಿ ಹೆಚ್ಚಾಗಿದೆ, ಇಲ್ಲವೆ ಆ ಕಡೆಯ ಬ್ರೇಕ್ ಬಿಡುತ್ತಿಲ್ಲ.